ಅತಿಥಿಗೆ ಪಾಳಿಯಿಲ್ಲ

ನೂಲಿನ ಮಿಲ್ಲು ಯಾವ ದೇಶದ್ದಾದರೂ ಒಳಗಿನ ಸದ್ದು ಒಂದೇ. ಒಂದು ರಿಂಗ್ ಫ್ರೇಮಿನಲ್ಲಿ ಸಾವಿರಕ್ಕೂ ಹೆಚ್ಚು ಕದಿರುಗಳಿರುತ್ತವೆ, ಒಂದೊಂದೂ ನಿಮಿಷಕ್ಕೆ 15,000 ಸುತ್ತಿಗೂ ಮೇಲೆ ತಿರುಗುತ್ತದೆ. ಅಂಥ ಹತ್ತಾರು ಫ್ರೇಮುಗಳು ಒಂದೇ ಚಾವಣಿಯ ಕೆಳಗೆ ಓಡುವಾಗ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳಬೇಕು. ಗಾಳಿಯ ತೇವ ಶೇಕಡ 55ರ ಆಸುಪಾಸಿನಲ್ಲಿ ನಿಲ್ಲಬೇಕು. ಅದು ಹದ ತಪ್ಪಿದರೆ ಎಳೆ ಹರಿಯುತ್ತದೆ, ಇಲ್ಲವೇ ರೋಲರಿಗೆ ಸುತ್ತಿಕೊಳ್ಳುತ್ತದೆ. ಢಾಕಾದ ಹತ್ತಿರದ ಗಾಜಿಪುರ, ತುರ್ಕಿಯ ಗಾಜಿಯಾಂತೆಪ್, ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆ, ಇಥಿಯೋಪಿಯಾದ ಹವಾಸಾ – ಎಲ್ಲಿಗೆ ಹೋದರೂ ಈ ಸದ್ದು, ಈ ತೇವ, ಹತ್ತಿಯ ಈ ವಾಸನೆ. ಇವು ನನಗೆ ಹುಟ್ಟಿನಿಂದ ಬಂದವು. ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಊರನ್ನು ಕರೆಯುತ್ತಿದ್ದ ಕಾಲದ ಕೊನೆಯ ವರ್ಷಗಳಲ್ಲಿ ನಮ್ಮ ಅಪ್ಪಾಜಿ ಅಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದರು. ಮಿಲ್ಲು ನಿಂತಿತು. ನಾನು ಜವಳಿ ಎಂಜಿನಿಯರಿಂಗ್ ಓದಿ, ನೂಲುವ ಯಂತ್ರಗಳನ್ನು ಮಿಲ್ಲುಗಳಲ್ಲಿ ಕೂರಿಸಿ ಓಡಿಸಿಕೊಡುವ ಕೆಲಸಕ್ಕೆ ಸೇರಿದೆ.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೆಲಸ ನನ್ನನ್ನು ಊರೂರು ಸುತ್ತಿಸಿತು. ಯಂತ್ರದ ಭಾಗಗಳು ಹಡಗಿನಲ್ಲಿ ಬಂದಿಳಿಯುವ ಹೊತ್ತಿಗೆ ನಾವು ವಿಮಾನದಲ್ಲಿ ಹೋಗಿ ಇಳಿಯುತ್ತಿದ್ದೆವು. ನೆಲದ ಮಟ್ಟ ನೋಡಿ, ಫ್ರೇಮು ನಿಲ್ಲಿಸಿ, ಕದಿರು ಒಂದೊಂದನ್ನೂ ನಡುಗೆರೆಗೆ ತಂದು, ಮೊದಲ ಎಳೆ ಬಂದು, ಅಲ್ಲಿನ ಕೆಲಸಗಾರರ ಕೈ ಪಳಗಿದ ಮೇಲೆ ಹೊರಡುವುದು. ಕೆಲವು ಕಡೆ ಕೆಲವು ವಾರ, ಕೆಲವು ಕಡೆ ತಿಂಗಳುಗಟ್ಟಲೆ. ಇದನ್ನು ಪ್ರವಾಸ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಜನರನ್ನು ಹತ್ತಿರದಿಂದ ನೋಡಿದ್ದು ಆಗಲೇ. ಫರ್ಗಾನಾದಲ್ಲಿ ಮನೆಯ ಯಜಮಾನ ಕುದಿಸಿದ ಚಹಾವನ್ನು ಬಟ್ಟಲಿಗೆ ಸುರಿದು ಮತ್ತೆ ಕೆಟಲಿಗೇ ಹಾಕುತ್ತಾನೆ, ಹಾಗೆ ಮೂರು ಸಲ. ಆಮೇಲೆ ಅತಿಥಿಗೆ ಬಟ್ಟಲ ತಳಕ್ಕೆ ಒಂದಿಷ್ಟೇ ಹಾಕಿಕೊಡುತ್ತಾನೆ. ಬಟ್ಟಲು ತುಂಬಿಸಿದರೆ ಬೇಗ ಕುಡಿದು ಹೊರಡಿ ಎಂದಂತೆ. ಸ್ವಲ್ಪ ಹಾಕಿದರೆ ಮತ್ತೆ ಮತ್ತೆ ಹಾಕಿಕೊಡುವ ಭಾಗ್ಯ ಮನೆಯವರಿಗೆ. ಹವಾಸಾದಲ್ಲಿ ಕಾಫಿ ಬೀಜವನ್ನು ನಮ್ಮೆದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತಿಗೆ ಆಶೀರ್ವಾದದ ಬೆಲೆ. ಅದಕ್ಕೆ ಮೊದಲೇ ಏಳುವುದು ಸರಿಯಲ್ಲ. ಅವರ ಇಂಜೆರಾ ನಮ್ಮ ದೋಸೆಯ ಹಾಗೆ ಹುಳಿ ಬರಿಸಿದ ಹಿಟ್ಟಿನದು. ಮೊದಲ ತುತ್ತಿಗೇ ನನ್ನ ಹೊಟ್ಟೆ ಅದನ್ನು ಒಪ್ಪಿಕೊಂಡಿತು.

ಎಲ್ಲ ಕಡೆಯೂ ನನಗೆ ಸಿಕ್ಕಿದ್ದು ಅತಿಥಿಯ ಮರ್ಯಾದೆ. ಎಡಗೈಯಲ್ಲಿ ಬಟ್ಟಲು ಹಿಡಿದರೂ ಯಾರೂ ಬೇಸರ ಪಡಲಿಲ್ಲ. ಭಾಷೆ ಬರದಿದ್ದರೆ ಅವರೇ ನನ್ನ ಕಡೆಗೆ ಎರಡು ಹೆಜ್ಜೆ ಬಂದರು. ನೀರಿನ ಬಿಲ್ಲು, ಮನೆಯ ತೆರಿಗೆ, ಮಗುವಿನ ಶಾಲೆ, ಪಕ್ಕದ ಮನೆಯವರ ಜೊತೆ ಗೋಡೆಯ ತಕರಾರು – ಇವು ಯಾವುವೂ ನನ್ನವಲ್ಲ. ಎಷ್ಟೋ ದೇಶ ಕಂಡವನು ಯಾವ ದೇಶದಲ್ಲಾದರೂ ಸಲೀಸಾಗಿ ಬದುಕಬಲ್ಲ ಎಂದು ಊರಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ತಿರುಗಾಡುವುದು ಬೇರೆ ವಿದ್ಯೆ, ನೆಲೆಸುವುದು ಬೇರೆ ವಿದ್ಯೆ. ಮೊದಲನೆಯದು ಕೈಗೆ ಹತ್ತಿದವರಿಗೆ ಎರಡನೆಯದು ತಾನಾಗಿ ಬರುವುದಿಲ್ಲ. ಈ ಲೇಖನ ಆ ಎರಡನೆಯ ವಿದ್ಯೆಯ ಬಗ್ಗೆ.

ಮಗಳು ಒಂದನೇ ತರಗತಿಗೆ ಸೇರುವ ವಯಸ್ಸಿಗೆ ಬಂದಾಗ ಕಂಪನಿಯ ಮುಖ್ಯ ಕಾರ್ಖಾನೆಯಲ್ಲೇ ಕೆಲಸ ಕೊಟ್ಟರು. ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟಿನ ಪಕ್ಕದ ಸೀಮೆ ಅದು. ಫಿಲ್ಸ್ ಎಂಬ ಸಣ್ಣ ಹೊಳೆ ಪ್ಲೋಖಿಂಗೆನ್ ಎಂಬಲ್ಲಿ ನೆಕ್ಕರ್ ನದಿಗೆ ಸೇರುತ್ತದೆ. ಆ ಹೊಳೆಯ ದಂಡೆಯುದ್ದಕ್ಕೂ ಒಂದು ಕಾಲಕ್ಕೆ ನೂಲಿನ ಮಿಲ್ಲುಗಳು, ನೇಯ್ಗೆಯ ಮಿಲ್ಲುಗಳು. ದಾವಣಗೆರೆಯಲ್ಲಿ ಆದದ್ದೇ ಅಲ್ಲೂ ಆಗಿದೆ. ಮಿಲ್ಲುಗಳು ನಿಂತಿವೆ, ಕಟ್ಟಡಗಳು ಉಳಿದಿವೆ. ನೂಲುವ ಕೆಲಸ ಏಷ್ಯಾಕ್ಕೆ ಹೋಯಿತು, ಯಂತ್ರ ಮಾಡುವ ವಿದ್ಯೆ ಮಾತ್ರ ಇಲ್ಲಿ ಉಳಿಯಿತು. ನಾವು ಮನೆ ಮಾಡಿದ್ದು ಸ್ವಲ್ಪ ಕೆಳಗೆ, ನೆಕ್ಕರ್ ದಂಡೆಯ ಎಸ್ಲಿಂಗೆನ್ನಿನಲ್ಲಿ. ಮರದ ಚೌಕಟ್ಟಿನ ಹಳೆಯ ಮನೆಗಳು, ಊರಿನ ಬೆನ್ನಿಗೇ ಕಡಿದಾದ ಗುಡ್ಡದಲ್ಲಿ ದ್ರಾಕ್ಷಿ ತೋಟ, ಕೆಳಗೆ ರೈಲು.

ಇಲ್ಲಿ ಬಾಡಿಗೆ ಮನೆ ಹಿಡಿಯುವವರು ಮೊದಲು ತಿಳಿಯಬೇಕಾದದ್ದು, ಎಷ್ಟೋ ಮನೆಗಳಲ್ಲಿ ಅಡುಗೆಮನೆ ಇರುವುದಿಲ್ಲ. ಕೋಣೆ ಇರುತ್ತದೆ, ಒಲೆ, ಸಿಂಕು, ಕಪಾಟು, ಕೆಲವೊಮ್ಮೆ ಬಲ್ಬು ಹಾಕುವ ಹೋಲ್ಡರ್ ಕೂಡ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಬಾಡಿಗೆಯಲ್ಲಿ ಎರಡು ಲೆಕ್ಕ: ಬರೀ ಮನೆಯದೊಂದು, ಬೆಚ್ಚಗಿಡುವ ಖರ್ಚು, ನೀರು, ಕಸ ಎಲ್ಲ ಸೇರಿಸಿದ್ದೊಂದು. ಮೂರು ತಿಂಗಳ ಬಾಡಿಗೆಯವರೆಗೆ ಮುಂಗಡ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಚಳಿಗಾಲದಲ್ಲೂ ದಿನಕ್ಕೆ ಹಲವು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಗಾಳಿಯಾಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇದು ಕರಾರು ಪತ್ರದಲ್ಲೇ ಬರೆದಿರುತ್ತದೆ. ಬೇಳೆ ಬೇಯಿಸುವ, ಒಗ್ಗರಣೆ ಹಾಕುವ ನಮ್ಮಂಥ ಮನೆಯವರು ಇದನ್ನು ಅಕ್ಷರಶಃ ಪಾಲಿಸಬೇಕು.

ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಮನೆ ಕೊಟ್ಟವರು ಸಹಿ ಹಾಕಿದ ಚೀಟಿ ಬೇಕು. ಆ ಒಂದು ನೋಂದಣಿಯಿಂದ ಎಲ್ಲ ಶುರುವಾಗುತ್ತದೆ. ತೆರಿಗೆಯ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆರೋಗ್ಯ ವಿಮೆ ಕಡ್ಡಾಯ. ಟೀವಿ, ರೇಡಿಯೋ ಇರಲಿ ಬಿಡಲಿ, ಸಾರ್ವಜನಿಕ ಪ್ರಸಾರಕ್ಕೆಂದು ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಕಟ್ಟಬೇಕು. ಊರಿನಿಂದ ತಂದ ಡ್ರೈವಿಂಗ್ ಲೈಸೆನ್ಸು ಆರು ತಿಂಗಳು ನಡೆಯುತ್ತದೆ, ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಹೊಸದಾಗಿ ಕೊಡಬೇಕು. ಎಲ್ಲವೂ ಕಾಗದದಲ್ಲಿ, ಅಂಚೆಯಲ್ಲಿ. ಕಂಬಿ ಎಳೆದು ಕಾಗದ ಸೇರಿಸುವ ಆ ದಪ್ಪ ಬೆನ್ನಿನ ಫೈಲುಗಳಿಗೆ ಹೆಸರಾದ ಲೀಟ್ಜ್ ಕಂಪನಿ 1871ರಲ್ಲಿ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲೇ. ನಮ್ಮ ಮನೆಯ ಕಪಾಟಿನಲ್ಲೂ ಈಗ ಅಂಥವುಗಳ ಒಂದು ಸಾಲಿದೆ. ನನ್ನ ಹೆಂಡತಿ ಪ್ರತಿ ಫೈಲಿನ ಬೆನ್ನಿಗೂ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾಳೆ: ಮನೆ, ವಿಮೆ, ಶಾಲೆ, ವೀಸಾ.

ಇವೆಲ್ಲ ದುಡ್ಡು ಮತ್ತು ತಾಳ್ಮೆಯಿಂದ ಮುಗಿಯುವ ಕೆಲಸಗಳು. ನೆಲೆಸುವುದು ಎಂದರೇನು ಎಂದು ನನಗೆ ಕಲಿಸಿದ್ದು ಒಂದು ಮರದ ಹಲಗೆ.

ಈ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ. ಒಂದು ಕಟ್ಟಡದಲ್ಲಿ ಆರು ಮನೆಗಳಿದ್ದರೆ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು, ಬಾಗಿಲ ಮುಂದಿನ ಹಾದಿ ಗುಡಿಸಬೇಕು, ಹಿಮ ಬಿದ್ದರೆ ಬೆಳಿಗ್ಗೆ ಜನ ಓಡಾಡುವ ಮೊದಲೇ ಎದ್ದು ಬಾಚಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಹಲಗೆ ನೇತಾಡುತ್ತದೆ. ವಾರ ಮುಗಿದ ಮೇಲೆ ಅವರೇ ಅದನ್ನು ಒಯ್ದು ಮುಂದಿನ ಮನೆಯ ಬಾಗಿಲಿಗೆ ಹಾಕುತ್ತಾರೆ. ಇದರ ಬೇರು ಬಹಳ ಹಳೆಯದು. ವ್ಯೂರ್ಟೆಂಬರ್ಗಿನ ದೊರೆ ಗಡ್ಡದ ಎಬರ್‌ಹಾರ್ಡ್ 1492ರಲ್ಲಿ ಸ್ಟುಟ್‌ಗಾರ್ಟ್ ಊರಿಗೆ ಮಾಡಿದ ಕಟ್ಟಳೆಯಲ್ಲೇ ಪ್ರತಿಯೊಬ್ಬರೂ ತಮ್ಮ ಕಸವನ್ನು ವಾರವಾರ ಊರ ಹೊರಗೆ ಸಾಗಿಸಬೇಕು ಎಂದಿತ್ತು. 1714ರಲ್ಲಿ ಬೀದಿ ಗುಡಿಸುವುದಕ್ಕೆಂದೇ ಬೇರೆ ಕಟ್ಟಳೆ ಬಂತು. ಸ್ಟುಟ್‌ಗಾರ್ಟ್ ನಗರಸಭೆ 1988ರಲ್ಲಿ ತನ್ನ ನಿಯಮವನ್ನು ಸಡಿಲಿಸಿದರೂ ಬಾಡಿಗೆ ಕರಾರುಗಳಲ್ಲಿ, ಜನರ ಮನಸ್ಸಿನಲ್ಲಿ ಅದು ಹಾಗೇ ಉಳಿದಿದೆ.

ಮೊದಲ ಕೆಲವು ವಾರ ನಮ್ಮ ಬಾಗಿಲಿಗೆ ಹಲಗೆ ಬರಲಿಲ್ಲ. ಹೊಸಬರು, ಪೆಟ್ಟಿಗೆ ಬಿಚ್ಚುತ್ತಿದ್ದಾರೆ ಎಂದು ಮಿಕ್ಕವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಒಂದು ಸೋಮವಾರ ಕೆಲಸದಿಂದ ಬಂದಾಗ ಹಲಗೆ ನಮ್ಮ ಬಾಗಿಲಲ್ಲಿತ್ತು. ಕೆಳಮನೆಯ ಅಜ್ಜಿ, ಎಂಬತ್ತು ದಾಟಿದವರು, ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಪೊರಕೆ ಎಲ್ಲಿ, ಬಕೆಟ್ ಎಲ್ಲಿ, ಹಿಮ ಬಾಚುವ ಸಲಿಕೆ ಎಲ್ಲಿ, ಜಾರದಂತೆ ಚೆಲ್ಲುವ ಜಲ್ಲಿಪುಡಿ ಎಲ್ಲಿ ಎಂದು ತೋರಿಸಿದರು. ಮಾತು ಮುಗಿದ ಮೇಲೆ ಮೆಟ್ಟಿಲ ಕಂಬಿಯನ್ನೂ ಒರೆಸಬೇಕು ಎಂದು ಬೆರಳಿಂದ ಸವರಿ ತೋರಿಸಿದರು. ನಗಲಿಲ್ಲ, ಗದರಲಿಲ್ಲ. ಅಲ್ಲಿದ್ದ ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು.

ನನಗೆ ಅಂದು ಆದ ಸಂತೋಷವನ್ನು ಫೋನಿನಲ್ಲಿ ಅವ್ವನಿಗೆ ಹೇಳಿದರೆ ಅವಳಿಗೆ ಅರ್ಥವಾಗಲಿಲ್ಲ. "ಅಷ್ಟು ಓದಿ, ಅಷ್ಟು ದೇಶ ತಿರುಗಿ, ಮಂದಿ ಮನಿ ಮೆಟ್ಲು ಒರಸಾಕ ಹೋದ್ಯೇನಪ್ಪಾ?" ಎಂದಳು. ಮಂದಿಯ ಮನೆಯ ಮೆಟ್ಟಿಲಲ್ಲ ಅದು. ಇಷ್ಟು ವರ್ಷ ಯಾವ ಊರಿನಲ್ಲೂ ಯಾರೂ ನನ್ನ ಕೈಗೆ ಪೊರಕೆ ಕೊಟ್ಟಿರಲಿಲ್ಲ. ಅತಿಥಿಗೆ ಊಟ ಬಡಿಸುತ್ತಾರೆ, ಪಾಳಿ ಕೊಡುವುದಿಲ್ಲ. ಅತಿಥಿ ಏನು ಮಾಡಿದರೂ ನಡೆಯುತ್ತದೆ, ಏಕೆಂದರೆ ಅವನು ನಾಳೆ ಹೊರಡುವವನು. ನಾಳೆಯೂ ಇರುತ್ತಾನೆ ಎಂದು ನಂಬಿದವನಿಗೆ ಮಾತ್ರ ಪಾಳಿ ಹಚ್ಚುತ್ತಾರೆ. ಅಪ್ಪಾಜಿ ಇದ್ದಿದ್ದರೆ ಅವರಿಗೆ ಹೇಳುವುದೇ ಬೇಕಿರಲಿಲ್ಲ. ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಹೆಸರು ಬಂದ ದಿನವೇ ದಾವಣಗೆರೆ ತನ್ನ ಊರಾಯಿತು ಎಂದು ಹಳ್ಳಿಯಿಂದ ಬಂದ ಆ ಮನುಷ್ಯ ಕೊನೆಯವರೆಗೂ ಹೇಳುತ್ತಿದ್ದರು.

ಅತಿಥಿಯಾಗಿ ಕರೆಸಿಕೊಂಡು ಅತಿಥಿಯಾಗೇ ಇಟ್ಟುಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಈ ದೇಶದಲ್ಲೇ ದೊಡ್ಡ ಸಾಕ್ಷಿಯಿದೆ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳಿಗೆ ಕೈಗಳು ಸಾಲದೆ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯ ಜೊತೆ, 1961ರಲ್ಲಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಅವರನ್ನು ಕರೆದದ್ದೇ ಅತಿಥಿ ಕೆಲಸಗಾರರು ಎಂದು. ತುರ್ಕಿಯವರಿಗೆ ಮೊದಲು ಎರಡೇ ವರ್ಷದ ಮಿತಿ ಇತ್ತು. ಕಲಿತ ಕೆಲಸಗಾರನನ್ನು ಕಳಿಸಿ ಹೊಸಬನಿಗೆ ಮತ್ತೆ ಕಲಿಸುವುದು ಕಾರ್ಖಾನೆಗಳಿಗೇ ಬೇಡವಾಗಿ 1964ರಲ್ಲಿ ಆ ಮಿತಿ ಹೋಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷದ ಅತಿಥಿ ಕೆಲಸಗಾರನೆಂದು ಪೋರ್ಚುಗಲ್ಲಿನ ಅರ್ಮಾಂಡೊ ರೊಡ್ರಿಗೆಸ್ ಡ ಸಾ ಎಂಬ ಬಡಗಿಯನ್ನು ಕೊಲೋನ್ ರೈಲು ನಿಲ್ದಾಣದಲ್ಲಿ ವಾದ್ಯ ಬಾರಿಸಿ ಬರಮಾಡಿಕೊಂಡು ಒಂದು ಮೊಪೆಡ್ ಕೊಟ್ಟರು. ಆ ಫೋಟೋ ಇಲ್ಲಿನ ಶಾಲಾ ಪುಸ್ತಕಗಳಲ್ಲಿದೆ. 1973ರಲ್ಲಿ ಎಣ್ಣೆ ಬೆಲೆ ಏರಿ ಕೆಲಸ ಕಡಿಮೆಯಾದಾಗ ಕರೆಸುವುದನ್ನು ನಿಲ್ಲಿಸಿದರು. ಹೊರಟರೆ ಮತ್ತೆ ಬರಲಾಗದು ಎಂದು ತಿಳಿದ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಇಲ್ಲಿಗೇ ಕರೆಸಿಕೊಂಡರು.

ನಮ್ಮ ರೈಲು ನಿಲ್ದಾಣದ ಹತ್ತಿರದ ತುರ್ಕಿ ಅಂಗಡಿಯಲ್ಲಿ ನಾನು ಕೊತ್ತಂಬರಿ, ಬೆಂಡೆಕಾಯಿ, ಹಸಿಮೆಣಸು ತರುತ್ತೇನೆ. ಅಂಗಡಿಯವರ ತಂದೆ ಫಿಲ್ಸ್ ಕಣಿವೆಯ ಒಂದು ನೂಲಿನ ಮಿಲ್ಲಿಗೆ ಬಂದವರು. ನಾನು ಗಾಜಿಯಾಂತೆಪಿನಲ್ಲಿ ಕೆಲಸ ಮಾಡಿದವನು, ಅಪ್ಪನೂ ಮಿಲ್ಲಿನವರೇ ಎಂದು ಗೊತ್ತಾದ ಮೇಲೆ ನಮ್ಮ ಮಾತು ಕತ್ತಲಾಗುವವರೆಗೂ ನಡೆಯುವುದುಂಟು. ಅವರ ತಂದೆ ಬದುಕಿನ ಬಹುಪಾಲು ಇಲ್ಲಿ ಕಳೆದರೂ ಮನೆಗೆ ಒಳ್ಳೆಯ ಮಂಚ ತರಲಿಲ್ಲವಂತೆ, ಮುಂದಿನ ವರ್ಷ ಹೋಗಿಬಿಡುತ್ತೇವಲ್ಲ ಎಂದು. ಜರ್ಮನ್ ಕಲಿಸಲು ಯಾರೂ ಮುಂದೆ ಬರಲಿಲ್ಲ, ಕಲಿಯಬೇಕೆಂದು ಅವರಿಗೂ ತೋಚಲಿಲ್ಲ. ಈಗ ಹೊಸದಾಗಿ ಬರುವವರಿಗೆ 600 ತಾಸಿನ ಭಾಷಾ ಪಾಠ, ದೇಶದ ಕಾನೂನು, ಇತಿಹಾಸ, ನಡವಳಿಕೆಗೆ 100 ತಾಸು, ಎರಡೂ ಸೇರಿದ ಸರ್ಕಾರಿ ತರಗತಿಗಳಿವೆ. ಇದು 2005ರ ವಲಸೆ ಕಾನೂನಿನಿಂದ ಬಂದದ್ದು. ಮೊದಲ ಒಪ್ಪಂದವಾಗಿ ಅಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು. ನನಗೆ ಇಂದು ಸಿಗುತ್ತಿರುವ ಸೌಕರ್ಯದ ಹಿಂದೆ ಮಂಚ ಕೊಳ್ಳದೆ ಮಲಗಿದ ಆ ಹಿರಿಯರ ಬದುಕಿದೆ ಎಂಬುದು ನನ್ನ ಗಟ್ಟಿ ನಂಬಿಕೆ. ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮ ಹುಡುಗರು ಅವರನ್ನು ಕೆಳಗಣ್ಣಿನಿಂದ ನೋಡಿದಾಗ ನನಗೆ ಸಂಕಟವಾಗುತ್ತದೆ.

ನೆಲೆಸುವ ಕೆಲಸದ ಭಾರ ಮನೆಯಲ್ಲಿ ಸಮನಾಗಿ ಹಂಚಿಕೆಯಾಗುವುದಿಲ್ಲ. ನಾನು ಗೊತ್ತಿರುವ ಯಂತ್ರಗಳ ಹತ್ತಿರ ಹೋದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಐಸಿಯು ನರ್ಸ್ ಆಗಿದ್ದ ನನ್ನ ಹೆಂಡತಿ ಮತ್ತೆ ವಿದ್ಯಾರ್ಥಿಯಾದಳು. ಹೊರದೇಶದ ನರ್ಸಿಂಗ್ ಓದಿಗೆ ಇಲ್ಲಿ ಮಾನ್ಯತೆ ಪಡೆಯಬೇಕು. ಅದಕ್ಕೆ ಬಿ2 ಮಟ್ಟದ ಜರ್ಮನ್ ಬೇಕು. ಓದಿನ ವಿಷಯಗಳನ್ನು, ತಾಸುಗಳನ್ನು ಇಲ್ಲಿನದರ ಜೊತೆ ಹೋಲಿಸಿ ಕೊರತೆ ಕಂಡರೆ ಪರೀಕ್ಷೆ ಕೊಡಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಹೊಂದಾಣಿಕೆಯ ತರಬೇತಿ ಮುಗಿಸಬೇಕು. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ವೆಂಟಿಲೇಟರ್ ನಡೆಸಿದ ಕೈ ಊಟದ ತಟ್ಟೆ ಹಂಚಿತು. "ರೀ, ಕೆಲಸ ಸಣ್ಣದಲ್ಲ, ನನ್ನನ್ನು ಏನೂ ಬಾರದವಳು ಅಂತ ನೋಡ್ತಾರಲ್ಲ, ಅದು ಕಷ್ಟ" ಎಂದು ಒಮ್ಮೆ ಹೇಳಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ರಾತ್ರಿ ಪುಸ್ತಕ ಹಿಡಿದು ಕೂತಳು.

ತರಗತಿಯಲ್ಲಿ ಕಲಿಸುವ ಜರ್ಮನ್ ಒಂದು, ಹಾಸಿಗೆ ಹಿಡಿದ ಇಲ್ಲಿನ ಮುದುಕರ ಬಾಯಲ್ಲಿ ಬರುವ ಶ್ವಾಬಿಷ್ ಇನ್ನೊಂದು. ನೋವು ಹೆಚ್ಚಾದಾಗ ಯಾರೂ ಪುಸ್ತಕದ ಭಾಷೆಯಲ್ಲಿ ನರಳುವುದಿಲ್ಲ. ಅವಳು ಆ ಆಡುಮಾತನ್ನು ರೋಗಿಗಳಿಂದಲೇ ಕಲಿತಳು. ಈಗ ನನಗೆ ಅರ್ಥವಾಗದ ಮಾತನ್ನು ನೆರೆಯವರು ಆಡಿದರೆ ಅವಳೇ ಬಿಡಿಸಿ ಹೇಳುತ್ತಾಳೆ. ಈ ದಾರಿಯಲ್ಲಿ ಮೊದಲು ನಡೆದವರು ಕೇರಳದ ಹೆಣ್ಣುಮಕ್ಕಳು. 1960ರ ದಶಕದಲ್ಲೇ ಕ್ಯಾಥೊಲಿಕ್ ಚರ್ಚಿನ ಮೂಲಕ ಸಾವಿರಾರು ಮೈಲಿ ದೂರದ ಈ ಆಸ್ಪತ್ರೆಗಳಿಗೆ ಬಂದು, ಇಲ್ಲೇ ನಿವೃತ್ತರಾದವರಿದ್ದಾರೆ. ಮಾನ್ಯತೆಯ ಪತ್ರ ಬಂದ ದಿನ ನನ್ನ ಹೆಂಡತಿ ಮೊದಲು ಫೋನ್ ಮಾಡಿದ್ದು ಅಂಥ ಒಬ್ಬ ಮಲಯಾಳಿ ಚೇಚಿಗೆ.

ಮಗಳಿಗೆ ಈ ಕಷ್ಟ ಯಾವುದೂ ಕಾಣಿಸಲಿಲ್ಲ. ಇಲ್ಲಿ ಆರೇಳು ವರ್ಷದ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ತಾವೇ ಶಾಲೆಗೆ ನಡೆಯುತ್ತಾರೆ, ಕಾರಿನಲ್ಲಿ ಬಿಡುವ ತಂದೆತಾಯಿಗಳಿಗೆ ಶಾಲೆಯವರೇ ಬೇಡ ಎನ್ನುತ್ತಾರೆ. ಈಜಿನ ಮೊದಲ ಬಿಲ್ಲೆಗೆ 25 ಮೀಟರ್ ಈಜಬೇಕು, ದಂಡೆಯಿಂದ ಜಿಗಿಯಬೇಕು, ಭುಜದ ಮಟ್ಟದ ನೀರಿನ ತಳದಿಂದ ಬಳೆಯಂಥ ವಸ್ತು ತೆಗೆಯಬೇಕು. ನಾಲ್ಕನೇ ತರಗತಿಯಲ್ಲಿ ಪೊಲೀಸರು ಬಂದು ಸೈಕಲ್ ಪಾಠ ಮಾಡುತ್ತಾರೆ. ಕೈ ತೋರಿಸಿ ತಿರುಗುವುದು, ಬಲದಿಂದ ಬರುವ ವಾಹನಕ್ಕೆ ದಾರಿ ಬಿಡುವುದು, ಸೈಕಲ್ಲಿನ ದೀಪ, ಬ್ರೇಕು ಪರೀಕ್ಷಿಸುವುದು. ಕೊನೆಗೆ ಲಿಖಿತ ಪರೀಕ್ಷೆಯೂ ಇದೆ. ಪ್ರಶ್ನೆಪತ್ರಿಕೆಯನ್ನು ನನಗೆ ಓದಿ ಹೇಳಿ ಉತ್ತರ ಕೇಳುತ್ತಿದ್ದಳು. ಹತ್ತು ವರ್ಷದ ಮಗುವನ್ನು ರಸ್ತೆಯ ಪಾಲುದಾರಳೆಂದು ಪೊಲೀಸಿನವರು ಗಂಭೀರವಾಗಿ ನಡೆಸಿಕೊಳ್ಳುವುದನ್ನು ಕಂಡು ನನಗೆ ಈ ದೇಶದ ಮೇಲೆ ಹುಟ್ಟಿದ ಗೌರವ, ಅದರ ವೇಗದ ಹೆದ್ದಾರಿಗಳನ್ನು ಕಂಡು ಹುಟ್ಟಿದ್ದಲ್ಲ. ಅವಳ ಕನ್ನಡ ಮಾತ್ರ ನಮ್ಮ ಹೊಣೆ. ಶನಿವಾರ ನಾಲ್ಕಾರು ಮನೆಯ ಮಕ್ಕಳನ್ನು ಕೂರಿಸಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ ಕಾಗುಣಿತ ಕಲಿಸುತ್ತೇವೆ. ಅಲ್ಲೂ ಪಾಳಿಯೇ.

ಆ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ನಾನು ತಪ್ಪದೆ ಹೇಳುವ ಕತೆ ಹರ್ಮನ್ ಮೋಗ್ಲಿಂಗನದು. 1811ರಲ್ಲಿ ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದವನು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಅವನ ಕೈಯಿಂದ ಕಲ್ಲಚ್ಚಿನಲ್ಲಿ ಹೊರಬಂತು. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ದಾಸರ ಪದಗಳನ್ನು, ಬಸವ ಪುರಾಣವನ್ನು, ಜೈಮಿನಿ ಭಾರತವನ್ನು 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚಿಗೆ ತಂದ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಸದ ಕಟ್ಟಳೆ ಮಾಡಿದ ಅದೇ ಎಬರ್‌ಹಾರ್ಡ್ ದೊರೆ 1477ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಅದು. ಮೋಗ್ಲಿಂಗ್ 1860ರಲ್ಲಿ ಭಾರತ ಬಿಟ್ಟು ಬಂದು, 1881ರಲ್ಲಿ ತೀರಿಕೊಂಡದ್ದು ನಮ್ಮ ಎಸ್ಲಿಂಗೆನ್ನಿನಲ್ಲಿ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಉತ್ತರದ ಕಡಲ ಸೀಮೆಯವನಾದರೂ 1894ರಲ್ಲಿ ತನ್ನ ಕನ್ನಡ ನಿಘಂಟು ಅಚ್ಚಾಗುವಾಗ ನೆಲೆಸಿದ್ದು, 1903ರಲ್ಲಿ ಕಣ್ಣು ಮುಚ್ಚಿದ್ದು ಟ್ಯೂಬಿಂಗನ್ನಿನಲ್ಲಿ. ಎಸ್ಲಿಂಗೆನ್ನಿನಿಂದ ನೆಕ್ಕರ್ ಹಿಡಿದು ಮೇಲಕ್ಕೆ ಹೋದರೆ ಆ ಊರು ಸಿಗುತ್ತದೆ.

ಮತ ಪ್ರಚಾರಕ್ಕೆ ಬಂದವರು ಅವರು, ಅದನ್ನು ಮರೆಮಾಚಬೇಕಿಲ್ಲ. ಆದರೆ ಪರದೇಶದಲ್ಲಿ ಇಳಿದವರು ಅಲ್ಲಿನ ಭಾಷೆಗೆ ಇಷ್ಟು ದುಡಿದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಸುಮಾರು 70,000 ಶಬ್ದಗಳ ನಿಘಂಟು ಅತಿಥಿಯ ಮನಸ್ಸಿನಿಂದ ಹುಟ್ಟುವಂಥದ್ದಲ್ಲ. ಒಬ್ಬ ಮನುಷ್ಯ ಹುಟ್ಟಿದ ನೆಲಕ್ಕೆ ಎರಡು ಬಗೆಯದೆ ಇನ್ನೊಂದು ನೆಲದ ಕೆಲಸವನ್ನು ತನ್ನದೆಂದು ಮಾಡಬಹುದು ಎನ್ನಲು ನನಗೆ ಬೇರೆ ಆಧಾರ ಬೇಕಿಲ್ಲ.

ಹೀಗೆ ಬೇರು ಬಿಡುವಾಗ ಇನ್ನೊಂದು ಕಡೆ ಬೇರು ಕೀಳುತ್ತದೆ, ಅದರ ನೋವು ಬಹಳ ಮಟ್ಟಿಗೆ ಹೆತ್ತವರ ಪಾಲಿಗೆ ಹೋಗುತ್ತದೆ. ನಮ್ಮಂಥವರ ಮನೆಗೆ ತಾಯಿ ಬಂದರೆ 180 ದಿನದಲ್ಲಿ 90 ದಿನ ಇರಬಹುದು, ಅಷ್ಟೆ. 2024ರ ಮಾರ್ಚಿನ ನಂತರ ಪರವಾನಗಿ ಪಡೆದ ಕುಶಲ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಳ್ಳಬಹುದೆಂದು ಕಾನೂನು ಬದಲಾಗಿದೆ, ನಾವು ಅದಕ್ಕೂ ಮೊದಲೇ ಬಂದವರು. ಅವ್ವ ಬಂದಳು. ಮೂರನೇ ಬೆಳಿಗ್ಗೆಯೇ ಊರಿಂದ ತಂದ ಪುಡಿಯಲ್ಲಿ ಕಟ್ಟಡದ ಹೆಬ್ಬಾಗಿಲ ಮುಂದೆ ರಂಗೋಲಿ ಹಾಕಿದಳು. ಕೆಳಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನೋಡಿ, ಇದನ್ನು ಒರೆಸುವವರು ಯಾರು ಎಂದು ಕೇಳಿದರು. ಆ ವಾರ ಹಲಗೆ ನಮ್ಮ ಬಾಗಿಲಲ್ಲೇ ಇತ್ತು. ಹಾಗಾದರೆ ಸರಿ ಎಂದರು. ನಾನು ಅವ್ವನಿಗೆ ತಿಳಿಸಿ ಹೇಳಿದೆ. ಅಲ್ಲಿಂದಾಚೆ ಅವಳು ನಮ್ಮ ಪಾಳಿಯ ವಾರದಲ್ಲಿ ಮಾತ್ರ ರಂಗೋಲಿ ಹಾಕಿದಳು, ಮಿಕ್ಕ ವಾರಗಳಲ್ಲಿ ಹಲಗೆ ಎಲ್ಲಿಗೆ ಬಂತು ಎಂದು ದಿನಾ ಮೆಟ್ಟಿಲಿಳಿದು ನೋಡಿ ಬರುತ್ತಿದ್ದಳು. "ಎಲ್ಲಾ ಚೆಂದ ಐತಪ್ಪಾ, ಮಾತಾಡಾಕ ಮಂದಿ ಇಲ್ಲ" ಎನ್ನುವುದು ಅವಳ ತೀರ್ಮಾನ. 90 ದಿನ ತುಂಬುವ ಮೊದಲೇ ಹೊರಟಳು. ತಮ್ಮನ ಮನೆಯಲ್ಲಿ ಅವಳಿಗೆ ಯಾವುದಕ್ಕೂ ಕಡಿಮೆಯಿಲ್ಲ. ಹಾಗಂತ ನನ್ನ ಜವಾಬ್ದಾರಿ ಮುಗಿಯಿತೆಂದು ನಾನು ಹೇಳಲಾರೆ.

ಇನ್ನು ಪೌರತ್ವ. ಓದಿದ ಕೆಲಸಗಾರರಿಗೆ ಕೊಡುವ ನೀಲಿ ಕಾರ್ಡಿನ ಮೇಲೆ ಬಂದವರಿಗೆ 27 ತಿಂಗಳ ನಂತರ, ಜರ್ಮನ್ ಬಿ1 ಮಟ್ಟ ಮುಟ್ಟಿದ್ದರೆ 21 ತಿಂಗಳ ನಂತರ, ಕಾಯಂ ವಾಸದ ಪರವಾನಗಿ ಸಿಗುತ್ತದೆ. ಪೌರತ್ವಕ್ಕೆ ಮೊದಲು ಎಂಟು ವರ್ಷ ಬೇಕಿತ್ತು, 2024ರ ಜೂನ್ 27ರಿಂದ ಐದು ವರ್ಷ ಸಾಕು. 310 ಪ್ರಶ್ನೆಗಳ ಪಟ್ಟಿಯಿಂದ ಆಯ್ದ 33 ಪ್ರಶ್ನೆಗಳ ಪರೀಕ್ಷೆ, 17ಕ್ಕೆ ಸರಿಯುತ್ತರ ಬರೆದರೆ ಪಾಸು. ಈಗ ಜರ್ಮನಿ ಹಳೆಯ ಪಾಸ್‌ಪೋರ್ಟ್ ಬಿಡು ಎನ್ನುವುದಿಲ್ಲ. ಆದರೆ 1955ರ ನಮ್ಮ ಪೌರತ್ವ ಕಾಯಿದೆಯ ಪ್ರಕಾರ ಇನ್ನೊಂದು ದೇಶದ ಪೌರತ್ವ ಪಡೆದ ಕ್ಷಣ ಭಾರತದ್ದು ಹೋಗುತ್ತದೆ. ಬದಲಿಗೆ ಓಸಿಐ ಕಾರ್ಡು ಸಿಗುತ್ತದೆ: ಬರಬಹುದು, ಇರಬಹುದು, ಕೆಲಸ ಮಾಡಬಹುದು, ಮತ ಹಾಕುವಂತಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಹರಿಹರದ ಹತ್ತಿರ ಭದ್ರಾ ನಾಲೆಯ ನೀರಿಗೆ ಅಪ್ಪಾಜಿಯ ಗದ್ದೆ ಇದೆ. ಅದರ ಬದುವಿಗೆ ಹೊಂದಿದ ಒಂದು ಎಕರೆಯನ್ನು ಕೊಂಡು ಸೇರಿಸಬೇಕು ಎನ್ನುವುದು ಅವರ ಜೀವಮಾನದ ಆಸೆ. ಮಿಲ್ಲಿನ ಸಂಬಳದಲ್ಲಿ ಅದು ಆಗಲಿಲ್ಲ. ನಾನು ಮಾಡುತ್ತೇನೆ ಎಂದು ಅವರ ಹಾಸಿಗೆಯ ಪಕ್ಕ ಕೂತು ಹೇಳಿದ್ದೆ. ಜರ್ಮನ್ ಪೌರನಾದರೆ ನನ್ನ ಹೆಸರಿಗೆ ಅದನ್ನು ಎಂದೂ ಕೊಳ್ಳಲಾಗದು. ಇದು ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿತು.

ಇನ್ನೊಂದು ಕಡೆ ಎಳೆದದ್ದು ಮತ. ನಮ್ಮ ಬೀದಿಗೆ ಸೈಕಲ್ ದಾರಿ ಬರಬೇಕೇ, ಮಗಳ ಶಾಲೆಯ ಹಳೆಯ ಕಟ್ಟಡ ಒಡೆಯಬೇಕೇ ಎಂದು ಊರಿನಲ್ಲಿ ಚರ್ಚೆಯಾಗುತ್ತದೆ. ತೆರಿಗೆ ಕಟ್ಟುತ್ತೇನೆ, ಹಿಮ ಬಾಚುತ್ತೇನೆ, ಸಭೆಗೆ ಹೋಗಿ ಕೂರುತ್ತೇನೆ, ಚುನಾವಣೆಯ ದಿನ ಮನೆಯಲ್ಲಿರುತ್ತೇನೆ. ಯುರೋಪಿಯನ್ ಒಕ್ಕೂಟದ ದೇಶದವರಾದರೆ ಊರ ಚುನಾವಣೆಯಲ್ಲಿ ಮತ ಹಾಕಬಹುದು. ನಮಗೆ ಅದೂ ಇಲ್ಲ. ದಾವಣಗೆರೆಯಲ್ಲಿ ಅನಿವಾಸಿ ಮತದಾರನೆಂದು ಹೆಸರು ಬರೆಸಬಹುದು, ಆದರೆ ಮತ ಹಾಕಲು ಖುದ್ದಾಗಿ ಹೋಗಬೇಕು. ಒಟ್ಟಿನಲ್ಲಿ ಎರಡೂ ಊರಿನಲ್ಲಿ ನನ್ನ ಮಾತಿಗೆ ಲೆಕ್ಕವಿಲ್ಲ. ಪಾಳಿ ಮಾಡುವವನಿಗೆ ಮಾತೂ ಇರಬೇಕು ಎಂದು ನಾನು ಮಿಲ್ಲಿನ ಕಾರ್ಮಿಕ ಸಂಘದ ಸಭೆಗಳಿಂದ ಬರುತ್ತಿದ್ದ ಅಪ್ಪಾಜಿಯ ಬಾಯಲ್ಲೇ ಕೇಳಿ ಬೆಳೆದವನು.

ಹೆಂಡತಿ ತನಗೂ ಮಗಳಿಗೂ ಸೇರಿಸಿ ಅರ್ಜಿ ಹಾಕಿಯಾಗಿದೆ. ನಾನು ತಮ್ಮನ ಹತ್ತಿರ ಎಲ್ಲ ಬಿಡಿಸಿ ಮಾತಾಡಿದೆ. ಗದ್ದೆ ಉಳುವವನು ಅವನೇ, ನನ್ನ ಪಾಲೂ ಅವನ ಹೆಸರಿಗೇ ಹೋಗಲಿ ಎಂದು ತೀರ್ಮಾನವಾಯಿತು. ಬದುವಿನಾಚೆಯ ಎಕರೆಗೆ ದುಡ್ಡು ನನ್ನದು, ಪತ್ರ ಅವನ ಹೆಸರಿಗೆ. "ಅಣ್ಣಾ, ಅಪ್ಪಾಜಿ ಕೇಳಿದ್ದು ಹೊಲ ಸೇರಸ್ರಿ ಅಂತ, ಯಾರ ಹೆಸರಿಗೆ ಅಂತ ಕೇಳಿರಲಿಲ್ಲ" ಎಂದ. ಹರಿಹರದ ಉಪನೋಂದಣಿ ಕಚೇರಿಯಲ್ಲಿ ತಾರೀಕು ಸಿಕ್ಕಿದೆ. ಮಾರುವವರ ಮಗಳ ಮದುವೆ ಮುಗಿದ ವಾರದಲ್ಲೇ ಪತ್ರ ಮಾಡಿಸುತ್ತೇವೆ. ರಜೆ ಹಾಕಿದ್ದೇನೆ, ಟಿಕೆಟ್ ಆಗಿದೆ, ವಾಪಸು ಬಂದ ಮೇಲೆ ಕೊಡುವ ಅರ್ಜಿಯನ್ನು ಹೆಂಡತಿ ಆಗಲೇ ತುಂಬಿಸಿ ಫೈಲಿಗೆ ಹಾಕಿಟ್ಟಿದ್ದಾಳೆ, ನನ್ನ ಸಹಿಯೊಂದು ಬಾಕಿ.